ಸಿಗದ ಸೋರಿಕೆ

ಜನವರಿ 9

ಪ್ರೀತಿಯ ಚಿಕ್ಕಪ್ಪನಿಗೆ,

ನಿಮ್ಮ ಅಣ್ಣನ ಮಗಳ ನಮಸ್ಕಾರಗಳು. ಫೋನು ಬಿಟ್ಟು ಕಾಗದ ಯಾಕೆ ಬರೆದಳು ಅಂತ ಹುಬ್ಬೇರಿಸಬೇಡಿ. ಫೋನು ಮಾಡಿದಾಗಲೆಲ್ಲ ನೀವು "ಇಗೋ, ಚಿಕ್ಕಮ್ಮನಿಗೆ ಕೊಟ್ಟೆ" ಎಂದು ದಾಟಿಸಿಬಿಡುತ್ತೀರಿ. ಈ ಸಲ ನನಗೆ ಬೇಕಾಗಿರುವುದು ನೀವೇ.

ನಮ್ಮ ಊರಿನ ಲೈಬ್ರರಿಯ ಹೊಸ ಕಟ್ಟಡ ಜೂನ್ ತಿಂಗಳಲ್ಲಿ ತೆರೆಯುತ್ತದಂತೆ. ಅದಕ್ಕೊಂದು ವಸ್ತು ಮಾಡಿಕೊಡುವ ಕೆಲಸ ನನಗೆ ಸಿಕ್ಕಿದೆ. ಜನ ಅದನ್ನು ಪುಸ್ತಕದ ಹಾಗೆ ಎರವಲು ಪಡೆದು ಊರೊಳಗೆ ತಿರುಗಾಡಬೇಕು. ಯಾವುದೋ ಒಂದು ಮೂಲೆಗೆ ಬಂದಾಗ ಅದು ತಾನಾಗಿಯೇ ಬಾಯಿ ಬಿಡಬೇಕು. ಆ ಮೂಲೆಯಲ್ಲಿ ಹಿಂದೆ ಏನಾಯಿತು ಎನ್ನುವುದನ್ನು ಅದನ್ನು ಕಂಡವರ ಧ್ವನಿಯಲ್ಲೇ ಹೇಳಬೇಕು. ನೋಡಲು ಸೋಪಿನ ಡಬ್ಬಿಯಷ್ಟಿದೆ. ಸೈಕಲ್ ಅಂಗಡಿಯ ಮೇಲಿನ ಈ ನನ್ನ ಕೋಣೆಯಲ್ಲಿ ಅದರ ಆರು ಮಾದರಿಗಳು ಈಗಾಗಲೇ ಸತ್ತು ಬಿದ್ದಿವೆ. ಏಳನೆಯದು ಉಸಿರಾಡುತ್ತಿದೆ.

ಡಬ್ಬಿ ನನ್ನದು, ನೆನಪು ಯಾರದು? ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷ ಸೋರಿಕೆ ಹುಡುಕಿದವರು ನೀವು. ಊರಿನ ಒಂದೊಂದು ಬೀದಿಯ ಹೊಟ್ಟೆಯೊಳಗೆ ಏನಿದೆ ಎಂದು ನಿಮಗೆ ಗೊತ್ತು. ಹನ್ನೆರಡು ನೆನಪು, ಹನ್ನೆರಡು ಜಾಗ ಬರೆದು ಕಳಿಸಿ. ಆಮೇಲೆ ಲೈಬ್ರರಿಗೆ ಹೋಗಿ ಓದಿಬಿಟ್ಟರೆ ಅಲ್ಲಿನ ಮೇಡಂ ಧ್ವನಿ ಮುದ್ರಿಸಿಕೊಳ್ಳುತ್ತಾರೆ. ಇಲ್ಲ ಅನ್ನಬೇಡಿ. ಅಂದರೆ ನಾನೇ ಬಂದು ನಿಮ್ಮ ಜಗಲಿಯಲ್ಲಿ ಧರಣಿ ಕೂರುತ್ತೇನೆ.

ನಿಮ್ಮ
ಚೂಟಿ


ಜನವರಿ 21

ಚೂಟಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಇಲ್ಲಿ ನಾನು ಕ್ಷೇಮ, ನಿನ್ನ ಚಿಕ್ಕಮ್ಮ ಕ್ಷೇಮ, ಹಿತ್ತಲಿನ ನಲ್ಲಿಗೆ ಮಾತ್ರ ವಾಷರ್ ಹೋಗಿದೆ. ಧರಣಿಗೆ ಹೆದರಿ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ನಿವೃತ್ತನಾದ ಮೇಲೆ ಕೆಲಸದ ವಿಷಯ ಕೇಳಿದವಳು ನೀನೊಬ್ಬಳೇ, ಅದಕ್ಕೆ.

ನನ್ನ ಕೆಲಸಕ್ಕಿದ್ದ ಆಯುಧ ಒಂದೇ. ನಾಲ್ಕೂವರೆ ಅಡಿಯ ಮರದ ಕೋಲು, ಕೆಳಗೆ ಕಬ್ಬಿಣದ ಮೂತಿ, ಮೇಲೆ ಅಣಬೆಯಂಥ ಹಿಡಿ. ಮೂತಿಯನ್ನು ಪೈಪಿನ ಮೇಲೋ ನೆಲದ ಮೇಲೋ ಊರಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದು. ಕಚೇರಿಯಲ್ಲಿ ಅದಕ್ಕೆ ಕಿವಿಗೋಲು ಅನ್ನುತ್ತಿದ್ದೆವು. ನೀನು ಮೂರು ವರ್ಷದವಳಿದ್ದಾಗ ಅದನ್ನು ಕುದುರೆ ಮಾಡಿಕೊಂಡು ಓಡಿಸಿ, ಮೂತಿ ಬಗ್ಗಿಸಿ ಕೊಟ್ಟಿದ್ದೆ.

ಹನ್ನೊಂದು ನೆನಪು ಬರೆದಿದ್ದೇನೆ. ಬೇಕರಿಯವನು ನೆಲದಡಿ ಇಲಿ ಸೇರಿದೆ ಎಂದು ಬೆಕ್ಕು ಸಾಕಿದ್ದ. ಕೋಲಿಟ್ಟು ಕೇಳಿದರೆ ಮುಕ್ಕಾಲು ಇಂಚಿನ ಪೈಪು ಒಡೆದು ಕಿಚಿಕಿಚಿ ಅನ್ನುತ್ತಿತ್ತು. ಪೈಪು ಸರಿಹೋಯಿತು, ಬೆಕ್ಕು ಮಾತ್ರ ಕೆಲಸ ಬಿಡಲಿಲ್ಲ. ಗಡಿಯಾರದ ವೃತ್ತದಲ್ಲಿ ಕೋಲಿಟ್ಟರೆ ಮೇಲಿನ ಗಡಿಯಾರದ ಟಿಕ್ ಟಿಕ್ ಕಂಬದೊಳಗಿಂದ ಇಳಿದು ಪೈಪಿನಲ್ಲಿ ಕೇಳುತ್ತಿತ್ತು. ಹೀಗೆ ಇನ್ನೂ ಕೆಲವು.

ಹನ್ನೊಂದನೆಯದನ್ನು ಬರೆಯಲೋ ಬೇಡವೋ ಎಂದು ಅಳೆದೂ ಸುರಿದೂ ಬರೆದಿದ್ದೇನೆ. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಕೋಲಿಗೆ ಸಿಗದ ಸೋರಿಕೆ ಒಂದೇ ಒಂದು. ಶಾಲೆ ರಸ್ತೆಯ ಮೂಲೆ, ಹೊಲಿಗೆ ಅಂಗಡಿಯ ಮುಂದೆ. ನೆಲದಡಿ ನೀರು ಹರಿಯುವ ಶಬ್ದ ಕೇಳುತ್ತಿದೆ ಎಂದು ಕಚೇರಿಗೆ ದೂರು ಬಂತು. ಕೆಳಗೆ ಹೆಸರಿಲ್ಲ, "ರಸ್ತೆಯ ನಿವಾಸಿಗಳು" ಎಂದಷ್ಟೇ. ಹೋದೆ, ಕೇಳಿದೆ, ಏನೂ ಇಲ್ಲ. ಮುಂದಿನ ವಾರ ಮತ್ತೆ ದೂರು. ಮೂರನೆಯ ಸಲ ಹಟಕ್ಕೆ ಬಿದ್ದು ನಾಲ್ಕು ಅಡಿ ಅಗೆಸಿದೆ. ಮಣ್ಣು ಒಣಗಿ ಪುಡಿಪುಡಿಯಾಗಿತ್ತು. ಇಂಜಿನಿಯರ್ ಸಾಹೇಬರು ಎಲ್ಲರೆದುರಿಗೆ "ಕೋಲು ಬದಲಾಯಿಸ್ತೀಯೋ, ಕಿವಿ ಬದಲಾಯಿಸ್ತೀಯೋ?" ಅಂದರು. ಅಗೆದ ಗುಂಡಿ ದಂಡವಾಗಬಾರದು ಎಂದು ಅಲ್ಲೊಂದು ವಾಲ್ವು ಹಾಕಿಸಿ, ಮೇಲೆ ಕಬ್ಬಿಣದ ಮುಚ್ಚಳ ಕೂರಿಸಿದರು. ಆ ವಾಲ್ವಿಗೆ ಏನು ಕೆಲಸ ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆ ಮೂಲೆ ದಾಟುವಾಗ ಈಗಲೂ ನನ್ನ ತಲೆ ತಾನಾಗಿ ಬಗ್ಗುತ್ತದೆ.

ಲಾಭ ಒಂದು ಆಯಿತು ಅನ್ನು. ಎರಡನೆಯ ಸಲ ಹೋಗಿ ಬಗ್ಗಿ ನಿಂತಿದ್ದಾಗ ಅಂಗಡಿಯಲ್ಲಿ ಹೊಲಿಯುತ್ತಿದ್ದ ಹುಡುಗಿ ಹೊರಗೆ ಬಂದು "ಏನಂತೆ ನೆಲದ ಸಮಾಚಾರ?" ಎಂದು ಕೇಳಿದಳು. ಅವಳೇ ನಿನ್ನ ಚಿಕ್ಕಮ್ಮ.

ಹನ್ನೆರಡನೆಯದನ್ನು ನೀನೇ ಹೇಳು ಎಂದು ಅವಳನ್ನು ಕೇಳಿದೆ. "ನಂದೇನಿದೆ" ಎಂಬಂತೆ ಕೈ ಆಡಿಸಿ ಒಳಗೆ ಹೋದಳು.

ನಕ್ಷೆ ಇಟ್ಟಿದ್ದೇನೆ. ಜಾಗಗಳನ್ನು ಕೆಂಪು ಪೆನ್ಸಿಲಿನಲ್ಲಿ, ಒಂದು ಅಂಗುಲವೂ ಆಚೀಚೆ ಆಗದ ಹಾಗೆ ಗುರುತಿಸಿದ್ದೇನೆ. ಕೆಲಸ ಅಂದರೆ ಕೆಲಸ.

ಇಂತಿ,
ಚಿಕ್ಕಪ್ಪ


ಫೆಬ್ರವರಿ 17

ಚಿಕ್ಕಪ್ಪ,

ಏಳನೆಯ ಮಾದರಿಯನ್ನು ಇದರ ಜೊತೆ ಪಾರ್ಸೆಲ್ ಮಾಡಿದ್ದೇನೆ. ಲೈಬ್ರರಿಯ ಮೇಡಂ ಕಳಿಸಿದ ನಿಮ್ಮ ಧ್ವನಿ ಅದರೊಳಗಿದೆ. ಬೇಕರಿಯ ಬೆಕ್ಕಿನ ಕಥೆ ಕೇಳಿ ಕೆಳಗಿನ ಸೈಕಲ್ ಅಂಗಡಿಯವರು ಪಂಪು ಕೈಬಿಟ್ಟು ನಕ್ಕರು. ಬ್ಯಾಟರಿಯನ್ನು ಬೇರೆ ಪೊಟ್ಟಣದಲ್ಲಿಟ್ಟಿದ್ದೇನೆ, ಹಿಂಭಾಗದ ಬಾಗಿಲು ಸರಿಸಿ ಹಾಕಿಕೊಳ್ಳಿ. ಮಾರ್ಚ್ ಒಂದರಂದು ಲೈಬ್ರರಿ ಸಮಿತಿಯವರು ಅದನ್ನು ಹಿಡಿದು ಊರು ಸುತ್ತುತ್ತಾರೆ. ಅದಕ್ಕೂ ಮುಂಚೆ ನೀವು ಒಬ್ಬರೇ ಸುತ್ತಿ, ಹೇಗೆ ಕೇಳಿಸುತ್ತದೆ ಎಂದು ಮುಲಾಜಿಲ್ಲದೆ ಬರೆಯಿರಿ. ಊರಿಗೆ ಮೊದಲು ನೀವು.

ನಿಮ್ಮ
ಚೂಟಿ


ಫೆಬ್ರವರಿ 26

ಚೂಟಿಗೆ ಆಶೀರ್ವಾದ.

ಡಬ್ಬಿ ತಲುಪಿತು. ಎಲ್ಲ ಕಡೆ ಹಿಡಿದುಕೊಂಡು ಹೋದೆ. ಬಹಳ ಚೆನ್ನಾಗಿ ಕೇಳಿಸಿತು. ಧ್ವನಿ ಸ್ಪಷ್ಟವಾಗಿದೆ. ಏನೂ ಬದಲಾಯಿಸುವುದು ಬೇಡ. ನಿನ್ನ ಕೈಗೆ ಒಳ್ಳೆಯದಾಗಲಿ.

ಇಂತಿ,
ಚಿಕ್ಕಪ್ಪ


ಮಾರ್ಚ್ 4

ಚೂಟಿ,

ನಾನು, ಚಿಕ್ಕಮ್ಮ. ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಈ ಕಾಗದ ಬಂದ ವಿಷಯ ನಿನ್ನ ಚಿಕ್ಕಪ್ಪನಿಗೆ ತಿಳಿಯಬಾರದು.

ಮೊದಲು ಸಮಿತಿಯ ಸುದ್ದಿ. ನೀನು ಜಾಗ ಗುರುತಿಸಿ ಎಂದು ಬರೆದೆ. ಈ ಮನುಷ್ಯ ಏನು ಮಾಡಿದ್ದಾರೆ ಗೊತ್ತಾ? ಪೈಪು ಎಲ್ಲಿ ಒಡೆದಿತ್ತೋ ಸರಿಯಾಗಿ ಅಲ್ಲಿಗೇ ಚುಕ್ಕೆ ಇಟ್ಟಿದ್ದಾರೆ. ಪೈಪು ಹೋಗುವುದು ರಸ್ತೆಯ ನಟ್ಟನಡುವೆ. ಬೇಕರಿಯ ಮುಂದೆ ನಿಂತರೆ ಡಬ್ಬಿ ಗಪ್‌ಚಿಪ್. ಎಂಟು ಹೆಜ್ಜೆ ರಸ್ತೆಗಿಳಿದರೆ ಬಾಯಿ ಬಿಡುತ್ತದೆ. ಸಮಿತಿಯ ಐದು ಜನ ಹಿರಿಯರು ಗಡಿಯಾರದ ವೃತ್ತದ ಮಧ್ಯೆ ಡಬ್ಬಿ ಸುತ್ತ ತಲೆ ಕೂಡಿಸಿಕೊಂಡು ನಿಂತರು. ಎರಡೂ ಕಡೆಯಿಂದ ಲಾರಿ ಹಾರ್ನು. ಅಧ್ಯಕ್ಷರ ಟೋಪಿ ಬಸ್ಸಿನಡಿ ಹೋಯಿತು. "ಗೋಡೆಗೊಂದು ಫಲಕ ಹಾಕಿಸಿದ್ರೆ ಸಾಕಪ್ಪ" ಅಂದರಂತೆ. ನಿನ್ನ ಕೆಲಸಕ್ಕೆ ಕುತ್ತು ಬಂದೀತು ಎಂದು ನನಗೆ ಯೋಚನೆ. ಇವರಿಗೂ ಪಾಪ, ಅವತ್ತು ಊಟ ಸೇರಲಿಲ್ಲ.

ಈಗ ಹೇಳಲೇಬೇಕಾದ್ದು. ಬಹಳ ಚೆನ್ನಾಗಿ ಕೇಳಿಸಿತು ಎಂದು ನಿನಗೆ ಬರೆದರಲ್ಲ, ಆ ಬ್ಯಾಟರಿಯ ಪೊಟ್ಟಣ ನನ್ನ ಗುಂಡಿ ಡಬ್ಬಿಯಲ್ಲಿ ಒಡೆಯದೇ ಬಿದ್ದಿತ್ತು. ಸಮಿತಿಯವರು ಬಂದ ದಿನ ಮೇಡಂ ಕೇಳಿ ಹಾಕಿಸಿದರು. ಅವತ್ತು ಎಲ್ಲರೂ ನಕ್ಕಾಗ ಇವರೂ ನಕ್ಕರು, ಆದರೆ ಎಲ್ಲರ ಮುಖ ನೋಡಿಕೊಂಡು ಒಂದು ಗಳಿಗೆ ತಡವಾಗಿ ನಕ್ಕರು. ನಾನು ಅಂಗಡಿ ಬಾಗಿಲಿನಿಂದ ನೋಡಿದೆ.

ಮಾತಾಡಲು ಬೇಜಾರಾಗಿ ಫೋನು ನನಗೆ ದಾಟಿಸುತ್ತಾರೆ ಅಂದುಕೊಂಡಿದ್ದೀಯ ನೀನು. ಇಲ್ಲ ಮಗ. ಅವರಿಗೆ ಕಿವಿ ಕೇಳಿಸದೆ ನಾಲ್ಕು ವರ್ಷ ಆಯಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ತನ್ನ ಗುಟ್ಟು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಾರೆ. ಕಿವಿ ಮಿಷನ್ ತಂದೆವು. ತಟ್ಟೆ ಸದ್ದು, ಕುರ್ಚಿ ಸದ್ದು, ನನ್ನ ಮಾತು ಎಲ್ಲವೂ ಒಂದೇ ಗಾತ್ರದಲ್ಲಿ ಮೈಮೇಲೆ ಬೀಳುತ್ತವಂತೆ. ಅದನ್ನು ಕಪಾಟಿನೊಳಗೆ ಹಾಕಿಟ್ಟಿದ್ದಾರೆ. ಕಿವುಡನ ಮುಂದೆ ಕಿನ್ನರಿ ಅನ್ನುತ್ತಾರಲ್ಲ, ಅಂಥ ಕಿನ್ನರಿಯನ್ನು ಪಾರ್ಸೆಲ್ ಮಾಡಿದವಳು ನೀನು. ಬೈಯುತ್ತಿಲ್ಲ. ನಿನಗೆ ಗೊತ್ತಿರಲಿಲ್ಲ.

ನನಗೆ ಕಷ್ಟವೇನಿಲ್ಲ. ಕಿರುಚಿ ಹೇಳುತ್ತೇನೆ. ಗ್ಯಾಸ್ ಆರಿಸಿ, ಬಾಗಿಲು ಹಾಕಿ, ಔಷಧಿ ತಗೊಳ್ಳಿ. ಆದರೆ ಕಿರುಚಿ ಹೇಳುವಷ್ಟು ದೊಡ್ಡದಲ್ಲದ ಮಾತುಗಳು ಇರುತ್ತವಲ್ಲ ಚೂಟಿ, ಅವೆಲ್ಲ ಹೊಟ್ಟೆಯಲ್ಲೇ ಉಳಿದುಬಿಟ್ಟಿವೆ. ಒಮ್ಮೊಮ್ಮೆ ಅಳು ಬರುತ್ತದೆ. ಅದಕ್ಕಾದರೂ ಕಿರುಚಬೇಕಾಗಿಲ್ಲ.

ಒಂದು ವಿಚಿತ್ರ ಮಾತ್ರ ಅರ್ಥವಾಗಿಲ್ಲ. ಬೆಳಿಗ್ಗೆ ಎದ್ದು ಅಡುಗೆಮನೆ ನಲ್ಲಿಗೆ ಆ ಹಳೆ ಕೋಲು ಒತ್ತಿ, "ಪಕ್ಕದ ಮನೆಯವರ ತೊಟ್ಟಿ ತುಂಬಿತು" ಅನ್ನುತ್ತಾರೆ. ಹೋಗಿ ನೋಡಿದರೆ ನಿಜವಾಗಿಯೂ ತುಂಬಿರುತ್ತದೆ.

ಚಿಕ್ಕಮ್ಮ


ಮಾರ್ಚ್ 10

ಚಿಕ್ಕಮ್ಮ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಊರಿಗೆಲ್ಲ ಕೇಳಿಸುವ ವಸ್ತು ಮಾಡುತ್ತೇನೆಂದು ಎರಡು ತಿಂಗಳಿಂದ ಮೆರೆಯುತ್ತಿದ್ದೇನೆ. ಅದರೊಳಗೆ ಮಾತಾಡಿದವರಿಗೇ ಅದು ಕೇಳಿಸುವುದಿಲ್ಲ! ನಾಚಿಕೆಯಾಗಿ ಎರಡು ದಿನ ಕೆಲಸಕ್ಕೆ ಕೂರಲಿಲ್ಲ.

ಮೂರನೆಯ ದಿನ ನಿಮ್ಮ ಕೊನೆಯ ಸಾಲು ತಲೆಗೆ ಹೋಯಿತು. ಚಿಕ್ಕಮ್ಮ, ದಯವಿಟ್ಟು ನಾಳೆ ಬೆಳಿಗ್ಗೆ ನೋಡಿ ಬರೆಯಿರಿ. ಅವರು ಕೋಲಿನ ಹಿಡಿಯನ್ನು ಸರಿಯಾಗಿ ಎಲ್ಲಿಗೆ ಒತ್ತುತ್ತಾರೆ? ಕಿವಿಯ ತೂತಿಗೋ, ಕಿವಿಯ ಹಿಂದಿನ ಮೂಳೆಗೋ? ಡಾಕ್ಟರು ಆವಾಗ ಏನು ಹೇಳಿದ್ದರು? ಒಂದೊಂದು ಮಾತೂ ಬೇಕು.

ಸಮಿತಿಯವರ ಚಿಂತೆ ಬಿಡಿ. ಅಧ್ಯಕ್ಷರಿಗೆ ಹೊಸ ಟೋಪಿ ಕಳಿಸಿ, ಮೇ ತಿಂಗಳ ತನಕ ಗಡುವು ಬೇಡಿಕೊಂಡಿದ್ದೇನೆ.

ಇನ್ನೊಂದು. ಹನ್ನೆರಡನೆಯ ಜಾಗ ಇನ್ನೂ ಖಾಲಿಯಿದೆ. ಕಿರುಚದೆ ಹೇಳುವಂಥದ್ದು ಏನಾದರೂ ಇದ್ದರೆ ಲೈಬ್ರರಿಗೆ ಹೋಗಿ ಮೇಡಂ ಮುಂದೆ ಹೇಳಿ. ಮೆಲ್ಲಗೆ ಹೇಳಿದರೂ ಸಾಕು.

ನಿಮ್ಮ
ಚೂಟಿ


ಮಾರ್ಚ್ 15

ಚೂಟಿ,

ಕಿವಿಯ ಹಿಂದಿನ ಮೂಳೆಗೆ. ಒತ್ತಿ ಒತ್ತಿ ಅಲ್ಲಿ ಚರ್ಮ ಕಪ್ಪಾಗಿದೆ, ಇಷ್ಟು ದಿನ ಮಚ್ಚೆ ಅಂದುಕೊಂಡಿದ್ದೆ. ಡಾಕ್ಟರು ಅಂದಿದ್ದು, "ಹೊರಗಡೆ ಬಾಗಿಲು ಕಚ್ಚಿಕೊಂಡಿದೆ ಅಷ್ಟೇ, ಒಳಗಿನ ಮನೆ ಚೆನ್ನಾಗಿದೆ." ನಾವು ಬಾಗಿಲಿನ ಮಾತು ಕೇಳಿಸಿಕೊಂಡು ಬಂದೆವು, ಮನೆಯದು ಮರೆತೆವು.

ಲೈಬ್ರರಿಗೆ ಹೋಗುವ ವಿಚಾರ ನೋಡೋಣ. ಈ ವಾರ ಹೊಲಿಗೆ ಜಾಸ್ತಿ ಇದೆ.

ಚಿಕ್ಕಮ್ಮ


ಮಾರ್ಚ್ 19

ಚಿಕ್ಕಪ್ಪ,

ಒಂದು ಸಾಲ ಬೇಕು. ನಿಮ್ಮ ಕಿವಿಗೋಲು. ಒಂದು ತಿಂಗಳು ಸಾಕು. ಡಬ್ಬಿಯನ್ನು ಕೈಬಿಟ್ಟಿದ್ದೇನೆ, ಅದು ಯಾರ ಕೈಗೂ ಸರಿಯಾಗಿ ಕೂರುತ್ತಿರಲಿಲ್ಲ. ಈ ಸಲ ಕೋಲೇ ಮಾಡೋಣ ಎಂದಿದ್ದೇನೆ. ಈ ಸಲ ಕುದುರೆ ಮಾಡಿಕೊಳ್ಳುವುದಿಲ್ಲ ಎಂದು ಮಾತು ಕೊಡುತ್ತೇನೆ.

ನಿಮ್ಮ
ಚೂಟಿ


ಮಾರ್ಚ್ 27

ಚೂಟಿಗೆ,

ಕೋಲನ್ನು ಎರಡು ಹಳೆಯ ಪಂಚೆಯಲ್ಲಿ ಸುತ್ತಿ ಕಳಿಸಿದ್ದೇನೆ. ಮಳೆಗೆ ಹಿಡಿಯಬೇಡ, ಬಿಸಿಲಿಗೆ ಒರಗಿಸಬೇಡ, ಮೂತಿಗೆ ಎಣ್ಣೆ ಮುಟ್ಟಿಸಬೇಡ. ಹಿಡಿಯ ಎಡಭಾಗ ಸವೆದಿದೆ, ಅದನ್ನು ಸರಿಮಾಡಲು ಹೋಗಬೇಡ. ಅದು ಹಾಳಾಗಿದ್ದಲ್ಲ, ನನ್ನ ತಲೆಯ ಅಚ್ಚು.

ಅಂಗಡಿಯಿಂದ ನಿನ್ನ ವಿಳಾಸದ ಲಕೋಟೆ ಹೋಗಿದ್ದು, ಅಲ್ಲಿಂದ ಬಂದಿದ್ದು ಎರಡೂ ನನಗೆ ಗೊತ್ತು. ಅಂಚೆಯವನು ನನ್ನ ಗೆಳೆಯ. ಬ್ಯಾಟರಿ ವಿಷಯ ನಿನಗೆ ಮುಟ್ಟಿದೆ. ನೀನು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಶಬ್ದ ಕೇಳುವುದೇ ನನ್ನ ಅನ್ನವಾಗಿತ್ತು. ಗುಂಡುಸೂಜಿ ಗಾತ್ರದ ತೂತಿನ ಸದ್ದನ್ನು ನಾಲ್ಕು ಅಡಿ ಮಣ್ಣಿನಾಚೆ ಹಿಡಿದವನು, ಎದುರಿಗೆ ಕೂತವಳ ಮಾತು ಕೇಳಿಸುತ್ತಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ನಿನ್ನ ಕಿವಿಗೂ ಹೂ ಇಟ್ಟೆ. ತಪ್ಪಾಯಿತು. ಮನಸ್ಸಿಗೆ ಬಹಳ ಬೇಜಾರಾಗಿದೆ.

ನಿನ್ನ ಚಿಕ್ಕಮ್ಮ ಮೊದಲು ಹೊಲಿಯುವಾಗ ತನ್ನಷ್ಟಕ್ಕೆ ಏನೇನೋ ಹೇಳುತ್ತಿದ್ದಳು. ಈಗ ಹೊಲಿಗೆ ಮಿಷನ್ ಓಡುವುದು ನೆಲದ ಹಲಗೆಯಿಂದ ಕಾಲಿಗೆ ತಿಳಿಯುತ್ತದೆ, ಅವಳ ಬಾಯಿ ಆಡುವುದು ಕಾಣುವುದಿಲ್ಲ. ಮಾತು ಬಿಟ್ಟಿದ್ದಾಳೋ, ನನಗೆ ಕಾಣದ ಹಾಗೆ ಆಡುತ್ತಾಳೋ ಗೊತ್ತಿಲ್ಲ. ನನಗೆ ಬೇಕಾಗಿರುವುದು ಅದೊಂದೇ. ಊರಿನ ನೆನಪುಗಳನ್ನು ಊರು ಕೇಳಿಕೊಳ್ಳಲಿ.

ಇಂತಿ,
ಚಿಕ್ಕಪ್ಪ


ಮೇ 16

ಚಿಕ್ಕಪ್ಪ,

ಪಾರ್ಸೆಲ್‌ನಲ್ಲಿ ಎರಡು ಕೋಲಿವೆ. ಹಳೆಯದು ನಿಮ್ಮದು, ಹೋದ ಹಾಗೆಯೇ ಬಂದಿದೆ. ಹೊಸದು ಹದಿನಾಲ್ಕನೆಯ ಮಾದರಿ. ಬ್ಯಾಟರಿಯನ್ನು ನಾನೇ ಹಾಕಿದ್ದೇನೆ. ಹಿಡಿಯ ಎಡಭಾಗದ ಸವೆತವನ್ನೂ ಅಳತೆ ತೆಗೆದು ಕೆತ್ತಿದ್ದೇನೆ.

ನಿಮ್ಮ ನಕ್ಷೆಯನ್ನು ನೋಡಿ ಸಮಿತಿಯವರು ನಕ್ಕರು. ಆದರೆ ರಸ್ತೆಯ ನಡುವಿನ ಒಂದೊಂದು ಚುಕ್ಕೆಯ ಪಕ್ಕದಲ್ಲೂ, ರಸ್ತೆಯ ಅಂಚಿಗೆ, ಒಂದು ವಾಲ್ವಿನ ಮುಚ್ಚಳ ಇದ್ದೇ ಇದೆ. ಊರಿನ ಜನ ದಿನಾ ತುಳಿದು ಹೋಗುತ್ತಾರೆ, ಒಬ್ಬರೂ ನೋಡುವುದಿಲ್ಲ. ಮೇಡಂ ಆ ಮುಚ್ಚಳಗಳ ಕಲ್ಲಿನ ಅಂಚಿಗೆ ಕೋಟಿನ ಗುಂಡಿಯಷ್ಟು ಒಂದೊಂದು ಬಿಲ್ಲೆ ಅಂಟಿಸಿದ್ದಾರೆ. ಕೋಲಿನ ಮೂತಿಯನ್ನು ಬಿಲ್ಲೆಗೆ ಮುಟ್ಟಿಸಿ, ಜಾಗ ಯಾವುದೆಂದು ಕೋಲಿಗೆ ತಿಳಿಯುತ್ತದೆ. ಹಿಡಿಯನ್ನು ನೀವು ಒತ್ತುವ ಜಾಗಕ್ಕೇ ಒತ್ತಿ. ಧ್ವನಿ ಗಾಳಿಯಲ್ಲಿ ಬರುವುದಿಲ್ಲ, ಮರದೊಳಗಿಂದ ಮೂಳೆಗೆ ಹತ್ತುತ್ತದೆ. ಪಕ್ಕದಲ್ಲಿ ನಿಂತವರಿಗೆ ಏನೂ ಕೇಳಿಸದು. ನಾನು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಪರೀಕ್ಷೆ ಮಾಡಿದ್ದೇನೆ. ಆದರೆ ನನ್ನ ಹತ್ತಿ ಬೇರೆ, ನಿಮ್ಮ ಕಿವಿ ಬೇರೆ. ಕೇಳಿಸದಿದ್ದರೆ ಕೇಳಿಸಲಿಲ್ಲ ಎಂದೇ ಬರೆಯಿರಿ. ಈ ಸಲ ಸುಳ್ಳು ಬರೆದರೆ ಮಾತು ಬಿಡುತ್ತೇನೆ.

ಹನ್ನೊಂದೂ ಮುಗಿದ ಮೇಲೆ ಶಾಲೆ ರಸ್ತೆಯ ಮೂಲೆಯಲ್ಲಿ ಇನ್ನೊಮ್ಮೆ ಕೋಲಿಡಿ. ಎರಡನೆಯ ಸಲ ಇಟ್ಟಾಗ ಹನ್ನೆರಡನೆಯದು ಬರುತ್ತದೆ. ಅದು ನಿಮ್ಮ ಕೋಲಿನಲ್ಲಿ ಮಾತ್ರ ಇದೆ, ಲೈಬ್ರರಿಗೆ ಕೊಟ್ಟಿಲ್ಲ. ನಾನೂ ಪೂರ್ತಿ ಕೇಳಲಿಲ್ಲ. ಮೊದಲ ಸಾಲಿಗೇ ನಿಲ್ಲಿಸಿಬಿಟ್ಟೆ.

ನಿಮ್ಮ
ಚೂಟಿ


ಜೂನ್ 2

ಚಿರಂಜೀವಿ ಚೂಟಿಗೆ,

ಈ ಸಲ ಸುಳ್ಳಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಭಾನುವಾರ ಬೆಳಿಗ್ಗೆ ಹೊರಟೆ. ಬೇಕರಿಯ ಮುಂದಿನ ಮುಚ್ಚಳಕ್ಕೆ ಕೋಲಿಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ನೆನಪಾಗಿ, ಹಳೆಯ ಅಭ್ಯಾಸದಂತೆ ಕಣ್ಣು ಮುಚ್ಚಿ, ಉಸಿರು ಹಿಡಿದು, ಹಿಡಿಯನ್ನು ಅರ್ಧ ಅಂಗುಲ ಹಿಂದೆ ಸರಿಸಿದೆ. ಯಾರೋ ಮುದುಕ ಬೆಕ್ಕಿನ ಕಥೆ ಹೇಳುತ್ತಿದ್ದಾನೆ! ನನ್ನ ಧ್ವನಿ ಇಷ್ಟು ಗೊಗ್ಗರು ಎಂದು ಯಾರೂ ಯಾಕೆ ಹೇಳಲಿಲ್ಲ? ಬೇಕರಿಯವನ ಮಗ ಹೊರಗೆ ಬಂದು, "ಏನ್ ಸಾರ್, ಮತ್ತೆ ಪೈಪು ಒಡೀತಾ?" ಎಂದು ಬಾಯಿ ಆಡಿಸಿದ. ಅವನ ಕಿವಿಗೂ ಒತ್ತಿಸಿದೆ. ಅವರಪ್ಪನ ಬೆಕ್ಕಿನ ಸುದ್ದಿ ಕೇಳಿ ಅವನ ಕಣ್ಣು ತುಂಬಿತು, ನನ್ನದೂ.

ಹೀಗೆ ಹತ್ತು ಮುಗಿಸಿ ಶಾಲೆ ರಸ್ತೆಯ ಮೂಲೆಗೆ ಬಂದೆ. ಕೆಲಸವಿಲ್ಲದ ಆ ವಾಲ್ವಿನ ಮುಚ್ಚಳದ ಮೇಲೆ ನಿಂತೆ. ಹನ್ನೊಂದನೆಯದು ಕೇಳಿದೆ, ಎಂದಿನಂತೆ ತಲೆ ಬಗ್ಗಿಸಿದೆ. ಇನ್ನೊಮ್ಮೆ ಕೋಲಿಟ್ಟೆ.

ನಿನ್ನ ಚಿಕ್ಕಮ್ಮ. ಕಿರುಚುವ ಚಿಕ್ಕಮ್ಮ ಅಲ್ಲ. ಹೊಲಿಯುತ್ತಾ ತನ್ನಷ್ಟಕ್ಕೆ ಮಾತಾಡುತ್ತಿದ್ದವಳು.

ಅವಳು ಹೇಳಿದ್ದನ್ನು ಬಾಯಿಪಾಠ ಆಗುವಷ್ಟು ಸಲ ಕೇಳಿದ್ದೇನೆ, ಬರೆಯುತ್ತೇನೆ. "ರೀ, ಅಲ್ಲಿ ಏನೂ ಸೋರ್ತಾ ಇರ್ಲಿಲ್ಲ. ನೀವು ಒಂದಿನ ಹಿಂದಿನ ಬೀದೀಲಿ ಕೋಲಿಟ್ಕೊಂಡು ನಿಂತಿದ್ರಿ. ಕಣ್ಣು ಮುಚ್ಕೊಂಡು, ಅಷ್ಟು ಮನಸ್ಸಿಟ್ಟು ಕೇಳ್ತಿದ್ರಿ. ನೆಲದ ಮಾತನ್ನೇ ಇಷ್ಟು ಚೆನ್ನಾಗಿ ಕೇಳೋನು ಹೆಂಡ್ತಿ ಮಾತು ಇನ್ನೆಷ್ಟು ಕೇಳಬಹುದು ಅನ್ನಿಸ್ತು. ನಮ್ಮ ಅಂಗಡಿ ಮುಂದೂ ಬರ್ಲಿ ಅಂತ ದೂರು ಬರೆದೆ. ಮೂರೂ ಎಡಗೈಲಿ ಬರೆದೆ. ನೀವು ನಾಲ್ಕಡಿ ಅಗೆಸ್ತೀರ ಅಂತ ನಂಗೇನು ಗೊತ್ತಿತ್ತು? ಸಾಹೇಬ್ರು ಬೈದಿದ್ದು ಕೇಳಿ ಹೇಳೋಕೆ ಧೈರ್ಯ ಬರ್ಲಿಲ್ಲ. ನಾಳೆ ಹೇಳೋಣ ನಾಡಿದ್ದು ಹೇಳೋಣ ಅಂತ ವರ್ಷಗಳೇ ಹೋದ್ವು. ಆಮೇಲೆ ನಿಮ್ಮ ಕಿವಿ ಹೋಯ್ತು. ಇಂಥದ್ದನ್ನೆಲ್ಲ ಕಿರುಚಿ ಹೇಳೋಕಾಗುತ್ತಾ? ಬಿಸಿಲಲ್ಲಿ ನಿಂತಿರ್ತೀರ, ಒಳಗೆ ಬನ್ನಿ."

ಕಣ್ಣು ಬಿಟ್ಟೆ. ಅಂಗಡಿ ಬಾಗಿಲಲ್ಲಿ ನಿಂತು, ಗುಂಡಿ ಡಬ್ಬಿಯಲ್ಲಿ ಏನನ್ನೋ ಹುಡುಕುವವಳ ಹಾಗೆ ನಟಿಸುತ್ತಿದ್ದಳು. ಬೀದಿ ಅನ್ನುವುದನ್ನೂ ಮರೆತು ಕೂಗಿದೆ, "ನಾಲ್ಕಡಿ ಅಗೆಸಿದ್ದೆ ಕಣೇ!" ಅಷ್ಟೂ ಜನ ತಿರುಗಿ ನೋಡಿದರು. ಅವಳು ಗುಂಡಿಗಳನ್ನೆಲ್ಲ ನೆಲಕ್ಕೆ ಚೆಲ್ಲಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಇಬ್ಬರೂ ಕೂತು ಗುಂಡಿ ಆರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು.

ಮನೆಗೆ ಬಂದ ಮೇಲೆ ನನಗೊಂದು ಬುದ್ಧಿ ಹೊಳೆಯಿತು. ಹಳೆಯ ಕೋಲಿನ ಮೂತಿಗೆ ಬಟ್ಟೆ ಸುತ್ತಿ ಅವಳ ಗಲ್ಲದ ಕೆಳಗೆ ಇಡಿಸಿದೆ. ಹಿಡಿ ನನ್ನ ಮೂಳೆಗೆ. ಮಾತಾಡು ಅಂದೆ. ನಾಚಿಕೊಂಡಳು. ಆಮೇಲೆ ಶುರು ಮಾಡಿದಳು. ಪೈಪಿನಲ್ಲಿ ನೀರು ಬಂದ ಹಾಗೆ, ಮೊದಲು ಸ್ವಲ್ಪ ಗಾಳಿ, ಆಮೇಲೆ ಮಾತು. ನಾಲ್ಕು ವರ್ಷದ ಬಾಕಿ ಇದೆ, ಅವಸರವೇನಿಲ್ಲ. ನಿನ್ನೆ ಮುಕ್ಕಾಲು ಗಂಟೆ ಎದುರು ಮನೆಯವರು ಕಿಟಕಿಗೆ ಹಾಕಿದ ಹೊಸ ಪರದೆಯ ಬಣ್ಣದ ಬಗ್ಗೆ ಹೇಳಿದಳು. ಒಂದಕ್ಷರ ಬಿಡದೆ ಕೇಳಿದೆ.

ಸಮಿತಿಯವರು ಆರು ಕೋಲು ಬೇಕೆಂದು ನಿನಗೆ ಬರೆದಿದ್ದಾರಂತೆ, ಮೇಡಂ ಚೀಟಿಯಲ್ಲಿ ಬರೆದು ತೋರಿಸಿದರು. ಸಂತೋಷ. ಅಧ್ಯಕ್ಷರು ಹೊಸ ಟೋಪಿ ಹಾಕಿಕೊಂಡೇ ಬರಲಿ, ಈ ಸಲ ರಸ್ತೆಗಿಳಿಯುವುದು ಬೇಡ.

ಅವರಿಗೆ ಕೊಡುವ ಮುಂಚೆ ನನ್ನ ಹನ್ನೊಂದನೆಯ ನೆನಪಿನಲ್ಲಿ ಒಂದು ತಿದ್ದುಪಡಿ ಆಗಬೇಕು. ಕಾರಣ ಯಾರಿಗೂ ಹೇಳಬೇಕಾಗಿಲ್ಲ. ಮೂವತ್ತೊಂದು ವರ್ಷದ ನೌಕರಿಯಲ್ಲಿ ನನಗೆ ಸಿಗದ ಸೋರಿಕೆ ಒಂದೂ ಇಲ್ಲ.

ಇಂತಿ ನಿನ್ನ,
ಚಿಕ್ಕಪ್ಪ

(ಕೆಳಗಿನ ಸಾಲು ಚಿಕ್ಕಮ್ಮ ಎಡಗೈಯಲ್ಲಿ ಬರೆದದ್ದು, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು: "ಮೇಲಿನದೆಲ್ಲ ನಿಜ. ಇಂತಿ, ರಸ್ತೆಯ ನಿವಾಸಿಗಳು.")